ಬೋದ್ರುಮ್ ಕೋಟೆ ಮತ್ತು ಕಡಲಡಿಯ ಪುರಾತತ್ವ ಸಂಗ್ರಹಾಲಯ: ಅರ್ಧ ದಿನದ ಪ್ರವಾಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಟರ್ಕಿಯ ನೈಋತ್ಯ ಕರಾವಳಿಯ ಬೋದ್ರುಮ್ ಪಟ್ಟಣದಲ್ಲಿ ಎರಡು ಕೊಲ್ಲಿಗಳ ನಡುವೆ ಬಂಡೆಯೊಂದು ಏಜಿಯನ್ ಕಡಲಿಗೆ ಚಾಚಿಕೊಂಡಿದೆ. ಅದರ ಮೇಲಿರುವುದು ಸಂತ ಪೀಟರನ ಹೆಸರಿನ ಕೋಟೆ. ಕೋಟೆಯ ಒಳಗೆ, ಹಳೆಯ ಗೋಪುರ, ಪ್ರಾರ್ಥನಾ ಮಂದಿರ ಮತ್ತು ಅಂಗಳಗಳಲ್ಲಿ ಹರಡಿಕೊಂಡಿರುವುದು ಜಲಾಂತರ್ಗತ ಪುರಾತತ್ವ ಸಂಗ್ರಹಾಲಯ. ಮಾರ್ಗದರ್ಶಿಯ ಜೊತೆ ಸಣ್ಣ ಗುಂಪಿನಲ್ಲಿ ಇವೆರಡನ್ನೂ ನೋಡಿ ಬರುವ ಪ್ರವಾಸಕ್ಕೆ ಹೆಸರು ಕೊಡುವ ಮೊದಲು ಕನ್ನಡದ ಪ್ರವಾಸಿಗರು ನಮ್ಮನ್ನು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇವೆ. ಕೆಲವು ಉತ್ತರಗಳು ಉದ್ದವಾಗಿವೆ. ಅವನ್ನು ಹೊರಡುವ ಮುನ್ನವೇ ಓದಿಕೊಂಡರೆ ಅಲ್ಲಿ ಹೋಗಿ ನಿಂತಾಗ ಕಣ್ಣಿಗೆ ಬೀಳುವುದು ಹೆಚ್ಚು.

ಅರ್ಧ ದಿನ ಸಾಕಾಗುತ್ತದೆಯೇ?

ಸಾಕಾಗುತ್ತದೆ, ಆದರೆ ಎಲ್ಲವನ್ನೂ ನೋಡಿಬಿಡುತ್ತೇವೆ ಎಂಬ ಹಟವನ್ನು ಬಿಡಬೇಕು. ಸುಮಾರು ನಾಲ್ಕು ಗಂಟೆಗಳಲ್ಲಿ ಒಂದೂವರೆ ಗಂಟೆ ಕೋಟೆಗೆ, ಎರಡು ಗಂಟೆ ಸಂಗ್ರಹಾಲಯದ ಕೊಠಡಿಗಳಿಗೆ, ಉಳಿದದ್ದು ನೆರಳಲ್ಲಿ ಕೂರುವುದಕ್ಕೆ. ಹೆಚ್ಚಿನವರು ಬುರುಜುಗಳ ಮೇಲೆ ಹತ್ತಿ ಕಡಲಿನ ಫೋಟೊ ತೆಗೆಯುವುದರಲ್ಲಿ ಅರ್ಧ ಸಮಯ ಕಳೆದು, ಹಡಗುಗಳಿರುವ ಕೊಠಡಿಗಳನ್ನು ಓಡುತ್ತ ನೋಡುತ್ತಾರೆ. ನೋಟ ಚೆನ್ನಾಗಿದೆ, ನಿಜ. ಆದರೆ ಅಂಥ ನೋಟ ಈ ಕರಾವಳಿಯ ಹತ್ತು ಊರುಗಳಲ್ಲಿ ಸಿಗುತ್ತದೆ. ಮೂರು ಸಾವಿರ ವರ್ಷಕ್ಕೂ ಹಿಂದೆ ಮುಳುಗಿದ ಹಡಗಿನ ಸರಕು ತುಂಡು ತುಂಡಾಗಿ ಕಣ್ಣೆದುರು ಜೋಡಣೆಯಾಗಿರುವುದು ಇಲ್ಲಿ. ಸಮಯವನ್ನು ಅಲ್ಲಿಗೆ ಉಳಿಸಿಕೊಳ್ಳಿ.

ಮೊದಲು ಕೋಟೆಯೋ, ಸಂಗ್ರಹಾಲಯವೋ?

ಬೆಳಿಗ್ಗೆ ಬಿಸಿಲೇರುವ ಮುನ್ನ ಕೋಟೆಯ ಗೋಡೆಗಳು, ಆಮೇಲೆ ಒಳಗಿನ ಕೊಠಡಿಗಳು. ಎರಡೂ ಒಂದೇ ಆವರಣದಲ್ಲಿರುವುದರಿಂದ ಪೂರ್ತಿ ಬೇರ್ಪಡಿಸಲು ಬರುವುದಿಲ್ಲ. ದಾರಿಯುದ್ದಕ್ಕೂ ಪ್ರದರ್ಶನಗಳು ಸಿಗುತ್ತಲೇ ಹೋಗುತ್ತವೆ. ಒಳಕೋಟೆಗೆ ಹೋಗಲು ಒಂದರ ಹಿಂದೊಂದು ಏಳು ಬಾಗಿಲುಗಳನ್ನು ದಾಟಬೇಕು. ಚಿತ್ರದುರ್ಗವನ್ನು ಕಂಡವರಿಗೆ ಈ ಲೆಕ್ಕಾಚಾರ ಹೊಸದಲ್ಲ: ಶತ್ರು ಒಂದು ಬಾಗಿಲನ್ನು ಮುರಿದರೂ ಎದುರಾಗುವುದು ಇನ್ನೊಂದು ಗೋಡೆ, ಇನ್ನೊಂದು ತಿರುವು. ಮಾರ್ಗದರ್ಶಿ ಪ್ರತಿ ಬಾಗಿಲಲ್ಲೂ ಒಂದು ನಿಮಿಷ ನಿಲ್ಲುತ್ತಾರೆ. ಆಗ ತಲೆಯೆತ್ತಿ ಬಾಗಿಲಿನ ಮೇಲಿನ ಕೆತ್ತನೆಗಳನ್ನು ನೋಡಿ.

ಕೋಟೆಯನ್ನು ಕಟ್ಟಿದವರು ಯಾರು? ತುರ್ಕರೇ?

ಅಲ್ಲ. ಸಂತ ಜಾನನ ಹೆಸರಿನ ಕ್ರೈಸ್ತ ಯೋಧ ಸಂಘದವರು, ಅಂದರೆ ಹಾಸ್ಪಿಟಲರ್ ನೈಟ್‌ಗಳು. ಆಗ ಅವರ ಮುಖ್ಯ ನೆಲೆ ರೋಡ್ಸ್ ದ್ವೀಪ. ಅನಟೋಲಿಯದ ತೀರದಲ್ಲಿ ಸ್ಮಿರ್ನಾ, ಅಂದರೆ ಇಂದಿನ ಇಜ್ಮಿರ್, ಅವರ ಕೈಯಲ್ಲಿತ್ತು. 1402ರ ಕೊನೆಯಲ್ಲಿ ತೈಮೂರ್ ಅದನ್ನು ಕಿತ್ತುಕೊಂಡ. ಅದೇ ವರ್ಷ ಅಂಕಾರದ ಯುದ್ಧದಲ್ಲಿ ಸುಲ್ತಾನ ಬಾಯಜೀದ್ ಸೆರೆಯಾಗಿ, ಆಟೊಮನ್ ರಾಜ್ಯವೇ ಅವನ ಮಕ್ಕಳ ಜಗಳದಲ್ಲಿ ಹೋಳಾಗಿತ್ತು. ಆ ಗೊಂದಲದ ಕಾಲದಲ್ಲಿ ನೈಟ್‌ಗಳು ಬೋದ್ರುಮ್‌ನಲ್ಲಿ ಹೊಸ ಕೋಟೆ ಎಬ್ಬಿಸಿದರು. ಕೆಲಸದ ಮೇಲ್ವಿಚಾರಣೆ ಹೊತ್ತವನು ಹೈನ್ರಿಖ್ ಶ್ಲೇಗೆಲ್‌ಹೋಲ್ಟ್ ಎಂಬ ಜರ್ಮನ್ ನೈಟ್. ಕಟ್ಟಡದ ಕೆಲಸಕ್ಕೆ ಬರುವವರಿಗೆ ಪಾಪವಿಮೋಚನೆಯ ಭರವಸೆ ಕೊಟ್ಟು 1409ರಲ್ಲಿ ಪೋಪ್ ಆಜ್ಞಾಪತ್ರ ಹೊರಡಿಸಿದ. ಮುಂದಿನ ನೂರು ವರ್ಷ, ಫಿರಂಗಿಗಳ ಬಲ ಹೆಚ್ಚಿದಂತೆಲ್ಲ, ಗೋಡೆಗಳು ದಪ್ಪವಾಗುತ್ತ ಹೋದವು. ಇದನ್ನು ನೀವೇ ಗಮನಿಸಬಹುದು: ಒಳನಾಡಿನ ಕಡೆಯ ಗೋಡೆ ಕಡಲ ಕಡೆಯದಕ್ಕಿಂತ ಬಹಳ ದಪ್ಪ. ಕಡಲು ನೈಟ್‌ಗಳ ನೌಕಾಬಲದ ಹಿಡಿತದಲ್ಲಿತ್ತು. ಅವರ ಭಯವೆಲ್ಲ ಬೆನ್ನ ಹಿಂದಿನ ನೆಲದ್ದು.

ಕೊನೆಗೆ ಈ ಕೋಟೆ ಬಿದ್ದದ್ದು ಇಲ್ಲಿ ನಡೆದ ಯುದ್ಧದಿಂದಲ್ಲ. 1522ರಲ್ಲಿ ಸುಲ್ತಾನ ಸುಲೈಮಾನ್ ರೋಡ್ಸ್‌ಗೆ ಮುತ್ತಿಗೆ ಹಾಕಿ ಗೆದ್ದ. ಒಪ್ಪಂದದ ಪ್ರಕಾರ 1523ರ ಆರಂಭದಲ್ಲಿ ನೈಟ್‌ಗಳು ಬೋದ್ರುಮ್ ಅನ್ನೂ ಬಿಟ್ಟುಕೊಟ್ಟು ಹಡಗು ಹತ್ತಿದರು.

ಗೋಡೆಗಳಲ್ಲಿ ಅಲ್ಲಲ್ಲಿ ಹಸಿರು ಛಾಯೆಯ ಕಲ್ಲು, ನಯವಾದ ಅಮೃತಶಿಲೆಯ ತುಂಡುಗಳು ಕಾಣುತ್ತವೆ. ಅವು ಎಲ್ಲಿಂದ ಬಂದವು?

ಇದನ್ನು ಕೇಳಿದವರನ್ನು ಮಾರ್ಗದರ್ಶಿಗಳು ಇಷ್ಟಪಡುತ್ತಾರೆ, ಏಕೆಂದರೆ ಇಡೀ ಕೋಟೆಯ ಗುಟ್ಟು ಅದರಲ್ಲಿದೆ. ಬೋದ್ರುಮ್‌ನ ಪ್ರಾಚೀನ ಹೆಸರು ಹ್ಯಾಲಿಕಾರ್ನಾಸಸ್. ಇತಿಹಾಸಕಾರ ಹೆರೊಡೋಟಸ್ ಹುಟ್ಟಿದ ಊರು. ಕ್ರಿ.ಪೂ. 4ನೇ ಶತಮಾನದಲ್ಲಿ ಪರ್ಷಿಯನ್ ಸಾಮ್ರಾಜ್ಯದ ಅಧೀನದಲ್ಲಿ ಕಾರಿಯಾ ಪ್ರಾಂತ್ಯವನ್ನು ಆಳುತ್ತಿದ್ದ ಮಾಸೊಲಸ್ ಇದನ್ನು ತನ್ನ ರಾಜಧಾನಿ ಮಾಡಿಕೊಂಡ. ಕ್ರಿ.ಪೂ. 353ರಲ್ಲಿ ಅವನು ತೀರಿಕೊಂಡ. ಅವನ ತಂಗಿಯೂ ಹೆಂಡತಿಯೂ ಆಗಿದ್ದ ಆರ್ಟೆಮಿಸಿಯಾ ಆಳ್ವಿಕೆಯ ಜೊತೆಗೆ ಅವನ ಮಹಾಸಮಾಧಿಯ ಕೆಲಸವನ್ನೂ ಮುಂದುವರಿಸಿದಳು. 36 ಕಂಬಗಳು, ಅವುಗಳ ಮೇಲೆ ಮೆಟ್ಟಿಲುಮೆಟ್ಟಿಲಾಗಿ ಏರುವ ಪಿರಮಿಡ್ ಮಾಡು, ತುದಿಯಲ್ಲಿ ನಾಲ್ಕು ಕುದುರೆಗಳ ರಥ, ಒಟ್ಟು ಸುಮಾರು 45 ಮೀಟರ್ ಎತ್ತರ. ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಇದೂ ಒಂದೆಂದು ಎಣಿಸಲಾಯಿತು.

ಮಧ್ಯಯುಗದ ಭೂಕಂಪಗಳಲ್ಲಿ ಅದು ಕುಸಿಯಿತು. ನೈಟ್‌ಗಳು ಬಂದಾಗ ಅವರಿಗೆ ಅದು ಕೆತ್ತಿ ಸಿದ್ಧವಾಗಿದ್ದ ಕಲ್ಲಿನ ರಾಶಿ. ಸಮಾಧಿಯ ಒಳತಿರುಳಾಗಿದ್ದ ಹಸಿರು ಛಾಯೆಯ ಜ್ವಾಲಾಮುಖಿ ಕಲ್ಲು ಗೋಡೆಗಳಿಗೆ ಹೋಯಿತು. ಕೆಲವು ಉಬ್ಬುಶಿಲ್ಪಗಳನ್ನೂ ಸಿಂಹಗಳನ್ನೂ ಅಲಂಕಾರಕ್ಕೆಂದು ಗೋಡೆಯಲ್ಲಿ ಕೂರಿಸಿದರು. ಉಳಿದ ಅಮೃತಶಿಲೆಯಲ್ಲಿ ಬಹುಪಾಲನ್ನು ಗೂಡಿನಲ್ಲಿ ಸುಟ್ಟು ಗಾರೆಗೆ ಸುಣ್ಣ ಮಾಡಿಕೊಂಡರು. 1522ರಲ್ಲಿ ಕೊನೆಯ ಬಾರಿ ಕೋಟೆಯನ್ನು ಬಲಪಡಿಸಲು ಕಲ್ಲು ಅಗೆಯುತ್ತಿದ್ದಾಗ, ಶಿಲ್ಪಗಳಿಂದ ತುಂಬಿದ್ದ ನೆಲಮಾಳಿಗೆಯೊಂದು ಸಿಕ್ಕಿತೆಂದೂ, ಮೊದಲು ಮೆಚ್ಚಿ ನಿಂತವರೇ ಆಮೇಲೆ ಅದನ್ನು ಒಡೆದರೆಂದೂ 1581ರಲ್ಲಿ ಅಚ್ಚಾದ ಫ್ರೆಂಚ್ ಬರಹವೊಂದು ಹೇಳುತ್ತದೆ.

ಕೋಟೆಯ ಚೆಲುವನ್ನು ಹೊಗಳುವಾಗ ಇದನ್ನು ಮರೆಯಬಾರದು ಎಂಬುದು ನಮ್ಮ ಮಾತು. ಗಾರೆ ಕಿತ್ತುಹೋಗಿರುವ ಕಡೆ ಗೋಡೆಯ ಹತ್ತಿರ ಹೋಗಿ ನೋಡಿ: ಒರಟು ಕಲ್ಲುಗಳ ನಡುವೆ ಅಂಚು ತಿದ್ದಿದ ಚೌಕ ಕಲ್ಲು, ಪಕ್ಕಕ್ಕೆ ಮಲಗಿಸಿದ ಕಂಬದ ತುಂಡು. ಕಟ್ಟಿದವರಿಗೆ ಎರಡೂ ಒಂದೇ ಆಗಿದ್ದವು.

ಆ ಸಮಾಧಿಯ ಶಿಲ್ಪಗಳು ಲಂಡನ್ನಿನಲ್ಲಿವೆಯಂತೆ, ಹೌದೇ?

ಹೌದು. ಕೋಟೆಯ ಗೋಡೆಯಲ್ಲಿದ್ದ ಯುದ್ಧದೃಶ್ಯಗಳ ಉಬ್ಬುಶಿಲ್ಪಗಳನ್ನು 1846ರಲ್ಲಿ ಇಸ್ತಾಂಬುಲ್‌ನ ಬ್ರಿಟಿಷ್ ರಾಯಭಾರಿ ಸ್ಟ್ರಾಟ್‌ಫರ್ಡ್ ಕ್ಯಾನಿಂಗ್ ಸುಲ್ತಾನನ ಅನುಮತಿ ಪಡೆದು ತೆಗೆಸಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕಳುಹಿಸಿದ. ಹತ್ತು ವರ್ಷದ ನಂತರ ಬಂದ ಚಾರ್ಲ್ಸ್ ನ್ಯೂಟನ್ ಸಮಾಧಿಯ ಜಾಗವನ್ನೇ ಪತ್ತೆಹಚ್ಚಿ ಅಗೆದು, ದೊಡ್ಡ ಪ್ರತಿಮೆಗಳನ್ನೂ ರಥದ ಕುದುರೆಯ ಭಾಗಗಳನ್ನೂ ಸಾಗಿಸಿದ. ಕಾಗದದ ಮೇಲೆ ಅನುಮತಿ ಇತ್ತು ಎಂಬುದು ನಿಜ. ಆದರೆ ಆ ಅನುಮತಿ ಕೊಟ್ಟ ಕಾಲದ ಬಲಾಬಲವೂ ಅಷ್ಟೇ ನಿಜ. ಬೋದ್ರುಮ್‌ನಲ್ಲಿ ನಿಂತು ನೋಡಿದರೆ ಅವು ಇಲ್ಲಿರಬೇಕಾಗಿತ್ತು ಎಂದು ಅನ್ನಿಸದೆ ಇರುವುದಿಲ್ಲ. ನಮಗಂತೂ ಪ್ರತಿ ಸಲವೂ ಹಾಗೇ ಅನ್ನಿಸುತ್ತದೆ.

ಗೋಪುರಗಳಿಗೆ ಇಂಗ್ಲಿಷ್, ಫ್ರೆಂಚ್, ಇಟಾಲಿಯನ್ ಎಂಬ ಹೆಸರುಗಳು ಏಕೆ?

ನೈಟ್‌ಗಳ ಸಂಘ ಯುರೋಪಿನ ನಾನಾ ಕಡೆಯವರನ್ನು ಕೂಡಿಸಿಕೊಂಡಿತ್ತು. ಅವರು ಭಾಷೆಯ ಲೆಕ್ಕದಲ್ಲಿ ಪಂಗಡಗಳಾಗಿ ವಿಂಗಡಣೆಯಾಗಿದ್ದರು. ಕೋಟೆಯ ಒಂದೊಂದು ಭಾಗವನ್ನು ಕಟ್ಟುವ, ಕಾಯುವ ಹೊಣೆ ಒಂದೊಂದು ಪಂಗಡದ್ದು. ಗೋಡೆಗಳಲ್ಲಿ ಇನ್ನೂರೈವತ್ತರ ಸಮೀಪ ವಂಶಲಾಂಛನಗಳು ಇಂದಿಗೂ ಉಳಿದಿವೆ. ಇಂಗ್ಲಿಷ್ ಗೋಪುರದ ಮೇಲೆ ರಾಜ ನಾಲ್ಕನೇ ಹೆನ್ರಿಯ ಲಾಂಛನವಿದೆ. ಅಲ್ಲೇ ಗೋಡೆಯಲ್ಲಿ ಕೂರಿಸಿದ ಪ್ರಾಚೀನ ಸಿಂಹವೊಂದಿದೆ. ಗ್ಯಾಟಿನೋ ಗೋಪುರದ ಸೆರೆಮನೆಯ ಬಾಗಿಲಿನ ಮೇಲೆ ಲ್ಯಾಟಿನ್ನಿನಲ್ಲಿ ‘ಇಲ್ಲಿ ದೇವರಿಲ್ಲ’ ಎಂಬರ್ಥದ ಸಾಲು ಕೆತ್ತಿದೆ. ಧರ್ಮದ ಹೆಸರಿನಲ್ಲಿ ಕತ್ತಿ ಹಿಡಿದವರೇ ತಮ್ಮ ಸೆರೆಮನೆಯ ಮೇಲೆ ಇದನ್ನು ಬರೆಸಿದ್ದರು.

ಕ್ರೈಸ್ತರ ಕೋಟೆಯಲ್ಲಿ ಮಿನಾರು ಹೇಗೆ ಬಂತು?

1523ರ ನಂತರ ಆಟೊಮನ್ನರು ಪ್ರಾರ್ಥನಾ ಮಂದಿರವನ್ನು ಮಸೀದಿ ಮಾಡಿ ಮಿನಾರು ಸೇರಿಸಿದರು. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಯುದ್ಧನೌಕೆಯ ಗುಂಡಿನ ದಾಳಿಗೆ ಅದು ಉರುಳಿತು. ಈಗ ಕಾಣುವುದು 1997ರಲ್ಲಿ ಮತ್ತೆ ಕಟ್ಟಿದ್ದು. 1895ರಿಂದ ಕೆಲವು ದಶಕ ಕೋಟೆ ಸೆರೆಮನೆಯೂ ಆಗಿತ್ತು.

ಕಡಲಡಿಯ ಪುರಾತತ್ವಕ್ಕೆ ಬೋದ್ರುಮ್ ಏಕೆ ಕೇಂದ್ರವಾಯಿತು?

ಸ್ಪಂಜು ತೆಗೆಯುವ ಮುಳುಗುಗಾರರಿಂದ. ಈ ತೀರದ ಬಡ ಮೀನುಗಾರರು ತಲೆಮಾರುಗಳಿಂದ ಕಡಲತಳದಲ್ಲಿ ಸ್ಪಂಜು ಕಿತ್ತು ಬದುಕುತ್ತಿದ್ದರು. ಎಲ್ಲಿ ಮಡಕೆಗಳ ರಾಶಿ ಬಿದ್ದಿದೆ, ಎಲ್ಲಿ ಲೋಹ ಮಿನುಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಪತ್ರಕರ್ತ ಪೀಟರ್ ಥ್ರಾಕ್‌ಮಾರ್ಟನ್ ಇಲ್ಲಿಗೆ ಬಂದು, ಅವರ ದೋಣಿಗಳಲ್ಲೇ ತಿರುಗಿ, ಅವರ ಮಾತು ಕೇಳಿ, ಹಡಗುಗಳು ಮುಳುಗಿದ ಜಾಗಗಳ ಪಟ್ಟಿ ಮಾಡಿದ. ಅವುಗಳಲ್ಲೊಂದು ಗೆಲಿಡೋನ್ಯ ಭೂಶಿರದ ಬಳಿ, ಕ್ರಿ.ಪೂ. 1200ರ ಸುಮಾರಿನದು. 1960ರಲ್ಲಿ ಜಾರ್ಜ್ ಬಾಸ್ ಎಂಬ ಯುವ ಪುರಾತತ್ವಜ್ಞ ತಾನೇ ನೀರಿಗಿಳಿದು ಅದನ್ನು ಉತ್ಖನನ ಮಾಡಿದ. ಅಲ್ಲಿಯವರೆಗೆ ಮುಳುಗುವವರು ವಸ್ತುಗಳನ್ನು ಎತ್ತಿ ತರುವುದು, ವಿದ್ವಾಂಸರು ದೋಣಿಯಲ್ಲಿ ಕುಳಿತು ನೋಡುವುದು ಎಂಬಂತಿತ್ತು. ನೆಲದ ಮೇಲೆ ಮಾಡುವ ಹಾಗೆಯೇ ಚೌಕ ಹಾಕಿ, ಅಳತೆ ತೆಗೆದು, ನಕ್ಷೆ ಬರೆದು, ಆಮೇಲೆ ಮಾತ್ರ ವಸ್ತುವನ್ನು ಎತ್ತುವ ಕ್ರಮ ಕಡಲತಳದಲ್ಲಿ ಪೂರ್ತಿಯಾಗಿ ನಡೆದದ್ದು ಅಲ್ಲಿಂದ. ಹೀಗೆ ಮೇಲೆ ಬಂದದ್ದನ್ನು ಇಡಲು ಜಾಗ ಬೇಕಾಯಿತು. ಪಾಳು ಬಿದ್ದಿದ್ದ ಕೋಟೆ ಸಂಗ್ರಹಾಲಯವಾಯಿತು.

ಒಂದೇ ಒಂದು ಕೊಠಡಿಯನ್ನು ನೋಡಲು ಸಮಯವಿದ್ದರೆ ಯಾವುದು?

ಉಲುಬುರುನ್ ಹಡಗಿನದು. ಯೋಚಿಸುವ ಅಗತ್ಯವೇ ಇಲ್ಲ.

1982ರಲ್ಲಿ ಮೆಹ್ಮೆತ್ ಚಾಕಿರ್ ಎಂಬ ಸ್ಪಂಜು ಮುಳುಗುಗಾರ, ಕಾಶ್ ಪಟ್ಟಣದ ಹತ್ತಿರದ ಉಲುಬುರುನ್ ಎಂಬಲ್ಲಿ ‘ಕಿವಿಗಳಿರುವ ಲೋಹದ ಬಿಸ್ಕತ್ತು’ಗಳನ್ನು ಕಂಡೆ ಎಂದು ಹೇಳಿದ. ಹಿಂದೆ ಸಂಗ್ರಹಾಲಯದವರು ಹಳ್ಳಿಗಳಿಗೆ ಹೋಗಿ ಚಿತ್ರ ತೋರಿಸಿ ಇಂಥವು ಕಂಡರೆ ತಿಳಿಸಿ ಎಂದು ಕೇಳಿಕೊಂಡಿದ್ದರು, ಆದ್ದರಿಂದ ಆ ಮಾತಿನ ಅರ್ಥ ತಕ್ಷಣ ಹೊಳೆಯಿತು. ಅವು ತಾಮ್ರದ ಗಟ್ಟಿಗಳು. ಬಿಡಿಸಿಟ್ಟ ತೊಗಲಿನ ಆಕಾರ, ನಾಲ್ಕು ಮೂಲೆಗಳಲ್ಲಿ ಹಿಡಿಕೆ, ಒಂದೊಂದೂ ಇಪ್ಪತ್ತು ಕಿಲೋಗೂ ಹೆಚ್ಚು ತೂಕ. 1984ರಿಂದ 1994ರವರೆಗೆ, 44ರಿಂದ 61 ಮೀಟರ್ ಆಳದಲ್ಲಿ, 22,000ಕ್ಕೂ ಹೆಚ್ಚು ಬಾರಿ ಮುಳುಗಿ ಕೆಲಸ ಮಾಡಿದರು. ಆ ಆಳದಲ್ಲಿ ಸಾರಜನಕದ ಅಮಲು ತಲೆಗೇರುತ್ತದೆ. ಒಬ್ಬರು ಒಂದು ಸಲಕ್ಕೆ ಸುಮಾರು 20 ನಿಮಿಷ ಮಾತ್ರ ತಳದಲ್ಲಿರುತ್ತಿದ್ದರು. ಹತ್ತು ವರ್ಷದ ಕೆಲಸ ಇಪ್ಪತ್ತಿಪ್ಪತ್ತು ನಿಮಿಷಗಳಲ್ಲಿ ಆಯಿತು.

ಹಡಗು ಕ್ರಿ.ಪೂ. 14ನೇ ಶತಮಾನದ ಕೊನೆಯ ಭಾಗದ್ದು. ಉದ್ದ 15 ಮೀಟರಿನಷ್ಟು, ದೇವದಾರು ಮರದ ಮೈ. ಸರಕು ಹತ್ತು ಟನ್ ತಾಮ್ರ, ಒಂದು ಟನ್ ತವರ. ಕಂಚು ಮಾಡಲು ಬೇಕಾದ ಪ್ರಮಾಣವೂ ಹೆಚ್ಚು ಕಡಿಮೆ ಅಷ್ಟೇ, ಹತ್ತಕ್ಕೆ ಒಂದು. ಅದರ ಜೊತೆ ಕಡುನೀಲಿ ಗಾಜಿನ ಗಟ್ಟಿಗಳು, ಕರಿಮರದ ದಿಮ್ಮಿಗಳು, ಆನೆಯ ದಂತ, ನೀರಾನೆಯ ಹಲ್ಲು, ಬಾಲ್ಟಿಕ್ ಕಡೆಯ ಅಂಬರ್ ಮಣಿ, ಜಾಡಿಗಟ್ಟಲೆ ಮರದ ರಾಳ, ದಾಳಿಂಬೆ, ಅಂಜೂರ, ಕೊತ್ತಂಬರಿ ಬೀಜ. ಈಜಿಪ್ಟಿನ ರಾಣಿ ನೆಫರ್ಟೀಟಿಯ ಹೆಸರಿರುವ ಚಿನ್ನದ ಪುಟ್ಟ ಜೀರುಂಡೆ ಮುದ್ರೆ. ಮೇಣ ಬಳಿದು ಬರೆಯುತ್ತಿದ್ದ, ದಂತದ ಕೀಲಿರುವ, ಪುಸ್ತಕದ ಹಾಗೆ ಮಡಚುವ ಮರದ ಹಲಗೆ. ಮೇಣ ಉಳಿದಿಲ್ಲ, ಬರೆದದ್ದೂ ಉಳಿದಿಲ್ಲ.

ನಮಗೆ ಪ್ರಿಯವಾದದ್ದು ಇವುಗಳಲ್ಲಿ ಯಾವುದೂ ಅಲ್ಲ, ಇಲಿಯ ದವಡೆಯ ಚೂರು. ಸರಕಿನ ನಡುವೆ ಸಿಕ್ಕಿದ ಮನೆಯಿಲಿಯ ಆ ಮೂಳೆಯ ಆಕಾರವನ್ನು ಬೇರೆ ಬೇರೆ ತೀರಗಳ ಇಲಿಗಳೊಂದಿಗೆ ಹೋಲಿಸಿದಾಗ, ಅದು ಸಿರಿಯಾದ ಕರಾವಳಿಯಲ್ಲಿ ಹಡಗು ಹತ್ತಿದ ಇಲಿ ಎಂದು ತಿಳಿಯಿತು. ರಾಜರ ಶಾಸನಗಳು ತಾವು ಹೇಳಬೇಕೆಂದಿದ್ದನ್ನು ಮಾತ್ರ ಹೇಳುತ್ತವೆ. ಮುಳುಗಿದ ಹಡಗಿನಲ್ಲಿ ಯಾರೂ ಏನನ್ನೂ ಆರಿಸಿಟ್ಟಿಲ್ಲ. ಆ ದಿನ ಹಡಗಿನಲ್ಲಿ ಏನಿತ್ತೋ ಅದೆಲ್ಲ ಒಟ್ಟಿಗೆ ಕೆಳಗಿಳಿಯಿತು. ಈ ಸಂಗ್ರಹಾಲಯವನ್ನು ಬೇರೆ ಸಂಗ್ರಹಾಲಯಗಳಂತೆ ಒಂದೊಂದು ವಸ್ತುವಿನ ಮುಂದೆ ನಿಂತು ನೋಡುವ ಬದಲು, ಒಂದೊಂದು ಹಡಗನ್ನು ಒಂದೊಂದು ದಿನವೆಂದು ನೋಡಿ ಎಂದು ನಾವು ಹೇಳುವುದು ಅದಕ್ಕೇ.

ಅಷ್ಟು ವರ್ಷ ನೀರಿನಲ್ಲಿದ್ದೂ ಮರ ಕೊಳೆಯಲಿಲ್ಲವೇ?

ನೀರಿಗೆ ತೆರೆದುಕೊಂಡಿದ್ದ ಮರವೆಲ್ಲ ಹೋಗಿದೆ. ಹಡಗು ಕೊರೆಯುವ ಹುಳು ಬಿಡುವುದಿಲ್ಲ. ಸರಕಿನ ಭಾರದ ಕೆಳಗೆ, ಮರಳಿನೊಳಗೆ ಗಾಳಿಯಾಡದಂತೆ ಹೂತುಹೋದ ಹಲಗೆಗಳು ಉಳಿದಿವೆ. ಅವನ್ನು ಮೇಲೆ ತಂದ ಮೇಲೆ ನಿಜವಾದ ಕಷ್ಟ ಶುರು. ಮರದ ಜೀವಕೋಶಗಳ ತುಂಬ ನೀರಿರುತ್ತದೆ. ಹಾಗೆಯೇ ಒಣಗಲು ಬಿಟ್ಟರೆ ಮರ ಮುದುಡಿ ಬಿರಿದು ಗುರುತೇ ಸಿಗದಂತಾಗುತ್ತದೆ. ಮೊದಲು ಸಿಹಿನೀರಿನ ತೊಟ್ಟಿಗಳಲ್ಲಿಟ್ಟು ಉಪ್ಪು ತೆಗೆಯುತ್ತಾರೆ. ಆಮೇಲೆ ಪಾಲಿಎಥಿಲಿನ್ ಗ್ಲೈಕಾಲ್ ಎಂಬ ಮೇಣದಂಥ ವಸ್ತುವಿನ ದ್ರಾವಣದಲ್ಲಿ ನೆನೆಹಾಕುತ್ತಾರೆ. ಅದು ನಿಧಾನವಾಗಿ ನೀರಿನ ಜಾಗ ಹಿಡಿಯುತ್ತದೆ. ದೊಡ್ಡ ಹಲಗೆಗಳಿಗೆ ಇದು ವರ್ಷಗಳ ಕೆಲಸ. ಕೆಲವು ಕೊಠಡಿಗಳು ತಂಪಾಗಿ, ಮಬ್ಬು ಬೆಳಕಿನಲ್ಲಿರುವುದೂ ಬಾಗಿಲು ಮುಚ್ಚಿಯೇ ಇರುವುದೂ ಈ ಮರಕ್ಕಾಗಿ. ದಯವಿಟ್ಟು ಬಾಗಿಲನ್ನು ತೆರೆದಿಡಬೇಡಿ.

ಗಾಜಿನ ಹಡಗು ಎಂದರೆ?

ಗಾಜನ್ನು ಹೊತ್ತಿದ್ದ ಹಡಗು. ಕ್ರಿ.ಶ. 1025ರ ಸುಮಾರಿಗೆ ಸೆರ್ಚೆ ಲಿಮಾನಿ ಎಂಬ ಕೊಲ್ಲಿಯಲ್ಲಿ ಮುಳುಗಿತು. ಈಜಿಪ್ಟನ್ನು ಆಳುತ್ತಿದ್ದ ಫಾತಿಮಿದ್ ದೊರೆಗಳ ಕಾಲದ ಗಾಜಿನ ತೂಕದ ಬಿಲ್ಲೆಗಳಿಂದ ಕಾಲ ಗೊತ್ತಾಯಿತು. ಅದರಲ್ಲಿ ಮೂರು ಟನ್ ಗಾಜು ಇತ್ತು, ಕಚ್ಚಾ ಗಾಜು ಮತ್ತು ಕರಗಿಸಿ ಮತ್ತೆ ಬಳಸಲೆಂದು ತುಂಬಿಕೊಂಡ ಒಡೆದ ಗಾಜು. ಆ ಲಕ್ಷಾಂತರ ಚೂರುಗಳನ್ನು ಬಣ್ಣ, ದಪ್ಪ, ಬಾಗುಗಳ ಪ್ರಕಾರ ವಿಂಗಡಿಸಿ ನೂರಾರು ಪಾತ್ರೆಗಳನ್ನು ಮತ್ತೆ ಜೋಡಿಸಿದ್ದಾರೆ. ಒಂದು ಲೋಟದ ಅಂಚಿನಲ್ಲಿ ಕೂಡಿಸಿದ ಗೆರೆಗಳನ್ನು ಎಣಿಸಲು ಹೋಗಿ, ಆಗ ಆ ಕೆಲಸದ ತಾಳ್ಮೆ ತಿಳಿಯುತ್ತದೆ. ಹಡಗಿನ ಉಳಿದ ಮರದ ಮೈಯನ್ನೂ ಜೋಡಿಸಿ ನಿಲ್ಲಿಸಿದ್ದಾರೆ. ಮೊದಲು ಪಕ್ಕೆಲುಬುಗಳಂತೆ ಚೌಕಟ್ಟು ಕಟ್ಟಿ ಆಮೇಲೆ ಹಲಗೆ ಹೊಡೆಯುವ ಪದ್ಧತಿಗೆ ಸಿಕ್ಕಿರುವ ಹಳೆಯ ಸಾಕ್ಷ್ಯಗಳಲ್ಲಿ ಇದೂ ಒಂದು.

ಎಲ್ಲೆಲ್ಲೂ ಕಾಣುವ ಚೂಪು ತಳದ ಜಾಡಿಗಳು ನೆಲದ ಮೇಲೆ ನಿಲ್ಲುವುದೇ ಇಲ್ಲವಲ್ಲ?

ನಿಲ್ಲಲೆಂದು ಮಾಡಿದ್ದಲ್ಲ, ಹಡಗಿನಲ್ಲಿ ಒತ್ತೊತ್ತಾಗಿ ಜೋಡಿಸಲೆಂದು ಮಾಡಿದ್ದು. ಇವು ಆಂಫೊರಾಗಳು. ಕೆಳಗಿನ ಸಾಲಿನ ಭುಜಗಳ ನಡುವೆ ಮೇಲಿನ ಸಾಲಿನ ಚೂಪು ತಳ ಕೂರುತ್ತದೆ. ಸುರಿಯುವಾಗ ಆ ತಳವೇ ಮೂರನೆಯ ಹಿಡಿಕೆ. ವೈನ್, ಎಣ್ಣೆ, ಮೀನಿನ ಸಾರು ಇವುಗಳಲ್ಲೇ ಸಾಗುತ್ತಿದ್ದವು. ಊರಿಗೊಂದು, ಕಾಲಕ್ಕೊಂದು ಆಕಾರವಿದ್ದುದರಿಂದ, ಕಡಲತಳದಲ್ಲಿ ಜಾಡಿಯ ಕತ್ತು ಕಂಡರೆ ಸಾಕು, ಹಡಗಿನ ಕಾಲವನ್ನು ತಿಳಿದವರು ಊಹಿಸುತ್ತಾರೆ. ಯಾಸ್ಸಿ ಆದಾ ದ್ವೀಪದ ಬಳಿ ಮುಳುಗಿದ 7ನೇ ಶತಮಾನದ ಹಡಗೊಂದರಲ್ಲೇ ಸುಮಾರು 900 ಜಾಡಿಗಳಿದ್ದವು. ಅದರ ತಕ್ಕಡಿಯ ಮೇಲೆ ಒಡೆಯನ ಹೆಸರೂ ಇದೆ: ಗೇಯೋರ್ಗಿಯೋಸ್, ಪಾದ್ರಿ ಮತ್ತು ಹಡಗಿನ ನಾಯಕ.

ಕಾರಿಯಾದ ರಾಜಕುಮಾರಿ ಎಂದು ತೋರಿಸುವ ಅಸ್ಥಿಪಂಜರ ನಿಜವಾಗಿ ಯಾರದು?

1989ರಲ್ಲಿ ಬೋದ್ರುಮ್‌ನಲ್ಲಿ ಕಟ್ಟಡವೊಂದಕ್ಕೆ ಪಾಯ ತೆಗೆಯುವಾಗ, ಯಾರೂ ಕೈಹಾಕದ ಕಲ್ಲಿನ ಶವಪೆಟ್ಟಿಗೆ ಸಿಕ್ಕಿತು. ಒಳಗೆ ಕ್ರಿ.ಪೂ. 4ನೇ ಶತಮಾನದ, ಸುಮಾರು ನಲವತ್ತರ ಹೆಂಗಸು, ತಲೆಯ ಮೇಲೆ ಚಿನ್ನದ ಎಲೆಹೂಗಳ ಕಿರೀಟ. ಬ್ರಿಟನ್ನಿನ ಮ್ಯಾಂಚೆಸ್ಟರಿನ ತಜ್ಞರು ತಲೆಬುರುಡೆಯ ಆಧಾರದಿಂದ ಮುಖವನ್ನು ರೂಪಿಸಿದರು. ಮಾಸೊಲಸ್‌ನ ತಂಗಿ, ರಾಣಿ ಅದಾ ಇವಳೇ ಎಂದು ಹಲವರು ಹೇಳುತ್ತಾರೆ. ಹೆಸರು ಹೇಳುವ ಶಾಸನವೇನೂ ಪೆಟ್ಟಿಗೆಯಲ್ಲಿ ಸಿಕ್ಕಿಲ್ಲ. ಆದ್ದರಿಂದ ಅರಸು ಮನೆತನದ ಹೆಂಗಸು ಎಂದಷ್ಟೇ ಹೇಳುವುದು ಸರಿ. ಅವಳು ವಸ್ತುವಲ್ಲ, ಒಬ್ಬ ಮನುಷ್ಯಳ ದೇಹ. ಅಲ್ಲಿ ಸ್ವಲ್ಪ ಮೆಲ್ಲಗೆ ಮಾತನಾಡಿ, ಸೆಲ್ಫಿ ಬೇಡ.

ಮಕ್ಕಳಿಗೆ ಬೇಸರವಾಗುವುದಿಲ್ಲವೇ?

ನಾಲ್ಕು ಗಂಟೆ ಮಾತು ಕೇಳಿಸಿದರೆ ಯಾವ ಮಗುವಿಗಾದರೂ ಬೇಸರವಾಗುತ್ತದೆ. ಹುಡುಕುವ ಕೆಲಸ ಕೊಡಿ: ಗೋಡೆಯಲ್ಲಿ ಸಿಂಹ ಎಲ್ಲಿದೆ, ಒಂದೇ ಲಾಂಛನ ಎಷ್ಟು ಕಡೆ ಇದೆ. ಉಲುಬುರುನ್ ಹಡಗಿನಲ್ಲಿ ಸಿಕ್ಕಿದ ಪ್ರಾಣಿಗಳ ಆಕಾರದ ತೂಕದ ಬಟ್ಟುಗಳು ಮಕ್ಕಳಿಗೆ ಬಹಳ ಹಿಡಿಸುತ್ತವೆ. ಅಂಗಳದಲ್ಲಿ ನವಿಲುಗಳೂ ಓಡಾಡಿಕೊಂಡಿರುತ್ತವೆ. ಬುರುಜಿನ ಮೇಲೆ ಮಾತ್ರ ಕೈ ಹಿಡಿದೇ ಕರೆದೊಯ್ಯಬೇಕು, ಕೆಲವು ಕಡೆ ತಡೆಗೋಡೆ ತಗ್ಗಾಗಿದೆ.

ವಯಸ್ಸಾದ ತಂದೆ ತಾಯಿಯನ್ನು ಕರೆತರಬಹುದೇ?

ಮಂಡಿ ನೋವಿದ್ದರೆ ಕಷ್ಟ ಎಂದು ಮೊದಲೇ ಹೇಳಿಬಿಡುತ್ತೇವೆ. ಮೆಟ್ಟಿಲುಗಳು ಏರುಪೇರು, ನೆಲಗಲ್ಲು ಸವೆದು ನುಣುಪಾಗಿದೆ. ಹಿರಿಯರು ಕೆಳಗಿನ ಅಂಗಳ ಮತ್ತು ಅಲ್ಲಿಗೆ ಹತ್ತಿರದ ಕೊಠಡಿಗಳನ್ನು ನೋಡಿ ನೆರಳಲ್ಲಿ ಕುಳಿತಿರಬಹುದು. ಗುಂಪು ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಗಾಲಿಕುರ್ಚಿಯಲ್ಲಿ ಇಡೀ ಕೋಟೆಯನ್ನು ಸುತ್ತಲು ಆಗುವುದಿಲ್ಲ.

ಯಾವ ತಿಂಗಳು ಒಳ್ಳೆಯದು? ಏನು ಧರಿಸಬೇಕು?

ಏಪ್ರಿಲ್‌ನಿಂದ ಜೂನ್ ಮೊದಲ ಭಾಗದವರೆಗೆ, ಇಲ್ಲವೇ ಸೆಪ್ಟೆಂಬರ್ ಮತ್ತು ಅಕ್ಟೋಬರ್. ಜುಲೈ, ಆಗಸ್ಟ್‌ನಲ್ಲಿ ಕಲ್ಲು ಕಾದ ಕಾವಲಿಯಾಗುತ್ತದೆ, ಜನಸಂದಣಿಯೂ ಹೆಚ್ಚು. ಚಳಿಗಾಲದಲ್ಲಿ ಮಳೆ. ಆಗ ನೆಲ ಜಾರುತ್ತದೆ, ಆದರೆ ಕೊಠಡಿಗಳು ಖಾಲಿ ಇರುತ್ತವೆ. ಹಿಡಿತವಿರುವ ಷೂ, ಟೋಪಿ, ನೀರಿನ ಬಾಟಲಿ ಇರಲಿ. ಚಪ್ಪಲಿ ಬೇಡ.

ಬೋದ್ರುಮ್ ತಲುಪುವುದು ಹೇಗೆ?

ಇಸ್ತಾಂಬುಲ್‌ನಿಂದ ಮಿಲಾಸ್-ಬೋದ್ರುಮ್ ನಿಲ್ದಾಣಕ್ಕೆ ಒಂದು ಗಂಟೆಯ ವಿಮಾನ, ಅಲ್ಲಿಂದ ರಸ್ತೆಯಲ್ಲಿ 35 ಕಿಲೋಮೀಟರ್ ಚಿಲ್ಲರೆ. ಪಟ್ಟಣದ ನಡುಭಾಗದಿಂದ ಕೋಟೆಗೆ ನಡೆದೇ ಹೋಗಬಹುದು. ಎದುರಿನ ಗ್ರೀಸ್ ದೇಶದ ಕೋಸ್ ದ್ವೀಪದಿಂದ ದೋಣಿಯಲ್ಲಿ ಬರುವವರು ನೆನಪಿಡಬೇಕಾದದ್ದು: ದೂರ ಕಡಿಮೆಯಾದರೂ ನೀವು ದೇಶದ ಗಡಿ ದಾಟುತ್ತಿದ್ದೀರಿ. ಪಾಸ್‌ಪೋರ್ಟ್ ಬೇಕು, ಟರ್ಕಿಯ ವೀಸಾ ಬೇಕು. ಅದೇ ದಿನ ಕೋಸ್‌ಗೆ ಹಿಂದಿರುಗಬೇಕಾದರೆ ನಿಮ್ಮ ಷೆಂಗೆನ್ ವೀಸಾ ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶಕ್ಕೆ ಅವಕಾಶ ಕೊಡುವಂಥದ್ದಾಗಿರಬೇಕು.

ಟಿಕೆಟ್ ಬೆಲೆ ಎಷ್ಟು?

ಬೆಲೆ ಪದೇ ಪದೇ ಬದಲಾಗುವುದರಿಂದ ಇಲ್ಲಿ ಬರೆದಿಲ್ಲ. ಹೊರಡುವ ವಾರ ನಿಮಗೆ ತಿಳಿಸುತ್ತೇವೆ. ವಿದೇಶಿಯರಿಗೆ ಬೇರೆಯೇ ದರವಿದೆ. ಟರ್ಕಿಯಲ್ಲಿ ಇನ್ನೂ ಕೆಲವು ಸಂಗ್ರಹಾಲಯಗಳನ್ನೂ ಪಾಳುನಗರಗಳನ್ನೂ ನೋಡುವವರು ಸರ್ಕಾರದ ಮ್ಯೂಸಿಯಂ ಪಾಸ್ ಕೊಳ್ಳುವುದು ಲಾಭದಾಯಕ. ನೀರು, ಚಹಾಕ್ಕೆ ಸ್ವಲ್ಪ ಲೀರಾ ಕೈಯಲ್ಲಿರಲಿ.

ಕನ್ನಡದಲ್ಲಿ ವಿವರಣೆ ಸಿಗುತ್ತದೆಯೇ?

ಸ್ಥಳದಲ್ಲಿ ಸಿಗುವುದಿಲ್ಲ. ಟರ್ಕಿಯಲ್ಲಿ ಪ್ರವಾಸಿಗರಿಗೆ ವಿವರಣೆ ಕೊಡಲು ಸರ್ಕಾರದ ಪರವಾನಗಿ ಇರುವ ಮಾರ್ಗದರ್ಶಿಯೇ ಆಗಬೇಕು. ನಮ್ಮ ಗುಂಪಿಗೆ ಅಂಥವರು ಇಂಗ್ಲಿಷಿನಲ್ಲಿ ವಿವರಿಸುತ್ತಾರೆ. ಹಿಂದಿನ ಸಂಜೆ ನಾವೆಲ್ಲ ಸೇರಿ ಕನ್ನಡದಲ್ಲಿ ಮಾತನಾಡುತ್ತೇವೆ, ನಕ್ಷೆ ಹರಡಿ ಕಾಲಾನುಕ್ರಮ ಹೇಳುತ್ತೇವೆ. ಇಂಗ್ಲಿಷ್ ಬಾರದ ಹಿರಿಯರೂ ಅದರಿಂದಾಗಿ ಮರುದಿನ ಕೋಟೆಯಲ್ಲಿ ಎಲ್ಲಿದ್ದೇವೆಂದು ಗುರುತು ಹಿಡಿಯುತ್ತಾರೆ. ಪ್ರಶ್ನೆಗಳನ್ನು ಕನ್ನಡದಲ್ಲೇ ಕೇಳಿ, ಮಾರ್ಗದರ್ಶಿಗೆ ತಲುಪಿಸುತ್ತೇವೆ.

ಫೋಟೊ ತೆಗೆಯಬಹುದೇ? ನೆನಪಿಗೆ ಏನಾದರೂ ಕೊಳ್ಳಬಹುದೇ?

ಫೋಟೊ ತೆಗೆಯಿರಿ, ಫ್ಲ್ಯಾಷ್ ಬೇಡ. ಕೊಳ್ಳುವ ವಿಷಯದಲ್ಲಿ ಕಟ್ಟುನಿಟ್ಟಾಗಿ ಹೇಳುತ್ತೇವೆ: ಹಳೆಯ ನಾಣ್ಯ, ಮಡಕೆಯ ಚೂರು, ಕೆತ್ತಿದ ಕಲ್ಲು ಎಂದು ಯಾರಾದರೂ ಬೀದಿಯಲ್ಲಿ ತೋರಿಸಿದರೆ ಮುಟ್ಟಬೇಡಿ. ಪ್ರಾಚೀನ ವಸ್ತುಗಳನ್ನು ದೇಶದಿಂದ ಹೊರಗೆ ಒಯ್ಯುವುದು ಟರ್ಕಿಯಲ್ಲಿ ಗಂಭೀರ ಅಪರಾಧ, ಅರಿಯದೆ ಮಾಡಿದೆ ಎಂದರೆ ಬಿಡುವುದಿಲ್ಲ. ಈಜುವಾಗ ತೀರದಲ್ಲಿ ಸಿಕ್ಕಿದ ಜಾಡಿಯ ಹಿಡಿಕೆಗೂ ಇದೇ ನಿಯಮ. ಅದನ್ನು ಇದ್ದಲ್ಲೇ ಬಿಟ್ಟು ಸಂಗ್ರಹಾಲಯದವರಿಗೆ ಹೇಳಿ.

ಮಧ್ಯಾಹ್ನದ ಮೇಲೆ ಸಮಯವಿದ್ದರೆ ಎಲ್ಲಿಗೆ ಹೋಗಬೇಕು?

ಮಾಸೊಲಸ್‌ನ ಸಮಾಧಿಯ ಜಾಗಕ್ಕೆ. ಕೋಟೆಯಿಂದ ಕಾಲ್ನಡಿಗೆಯ ದೂರ, ಮನೆಗಳ ನಡುವೆ ಇದೆ. ಅದ್ಭುತವನ್ನು ನಿರೀಕ್ಷಿಸಿ ಹೋದವರಿಗೆ ನಿರಾಸೆಯಾಗುತ್ತದೆ, ಏಕೆಂದರೆ ಅಲ್ಲಿ ಈಗಿರುವುದು ಅಡಿಪಾಯದ ಹಳ್ಳ, ಕೆಲವು ಕಂಬದ ತುಂಡುಗಳು ಮತ್ತು ಒಂದು ಸಣ್ಣ ಪ್ರದರ್ಶನ. ಬೆಳಿಗ್ಗೆ ಕೋಟೆಯ ಗೋಡೆಗಳನ್ನು ಗಮನವಿಟ್ಟು ನೋಡಿದವರಿಗೆ ಮಾತ್ರ ಆ ಹಳ್ಳ ಅರ್ಥವಾಗುತ್ತದೆ. ಆದ್ದರಿಂದ ಈ ಎರಡನ್ನು ತಿರುವುಮುರುವು ಮಾಡಬೇಡಿ. ಕಾಲಿಗೆ ಇನ್ನೂ ಶಕ್ತಿಯಿದ್ದರೆ ಗುಡ್ಡದ ಇಳಿಜಾರಿನ ಪ್ರಾಚೀನ ರಂಗಮಂದಿರಕ್ಕೂ ಹತ್ತಿ. ಅಲ್ಲಿಂದ ಪಟ್ಟಣ, ಬಂದರು, ಕೋಟೆ ಮೂರೂ ಕಾಣುತ್ತವೆ, ಸಂಜೆಯ ಬಿಸಿಲೂ ಅಷ್ಟಾಗಿ ಬಾಧಿಸುವುದಿಲ್ಲ.